ಕೂಸಿನ ಖರ್ಚು, ಹೆಚ್ಚಿನ ಗಳಿಕೆ: ಒಂದು ಜಮಾಖರ್ಚು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಳ್ಳಿಯಲ್ಲಿ ಆ ಮಾತು ನಡೆಯುತ್ತಿತ್ತು. ಅಲ್ಲಿ ಕೂಸಿಗೆ ಅಜ್ಜಿಯ ತೊಡೆಯಿತ್ತು, ಅತ್ತೆಯ ಕಂಕುಳಿತ್ತು, ನೆರೆಮನೆಯ ಕಟ್ಟೆಯಿತ್ತು. ಹೊಟ್ಟೆಪಾಡಿಗಾಗಿ ಪುಣೆಗೆ ಬಂದ ನಮಗೆ ಇವು ಯಾವವೂ ಇಲ್ಲ. ಇರುವದು ಒಂದು ಖೋಲಿ, ಒಂದು ಪಗಾರ, ತಿಂಗಳ ಮೊದಲ ವಾರದಲ್ಲಿಯೇ ಬಾಗಿಲಿಗೆ ಬರುವ ಬಾಡಿಗೆಯ ಮಾಲಕ. ಆದುದರಿಂದ ಕುಲಾವಿ ಹೊಲಿಸದಿದ್ದರೂ ನಡೆದೀತು. ಲೆಕ್ಕವನ್ನು ಮಾತ್ರ ಮೊದಲೇ ಹಾಕಿಡಬೇಕು.

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳ ಬಾಯಲ್ಲಿ ಒಂದೇ ತೊಡಕು ಮೇಲಿಂದ ಮೇಲೆ ಕೇಳಿಬರುತ್ತದೆ. ಒಬ್ಬರ ದುಡಿಮೆ ಸಾಲುವದಿಲ್ಲ. ಇಬ್ಬರೂ ದುಡಿಯಬೇಕೆಂದರೆ ಕೂಸನ್ನು ನೋಡುವವರಿಲ್ಲ. ನೋಡುವವರಿಗೆ ಹಣ ಕೊಟ್ಟರೆ ದುಡಿದದ್ದೆಲ್ಲ ಅವರಿಗೇ ಹೋದಂತೆ ಕಾಣುತ್ತದೆ. ಈ ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆದರೆ ಬಿಚ್ಚಲಾರದು. ಕಾರಕೂನಿಕೆಯಲ್ಲಿ ನಾವು ಕಲಿತ ರೀತಿಯಿಂದ, ಒಂದೊಂದೇ ಕಲಮನ್ನು ಬೇರೆ ಬೇರೆ ಬರೆದು ನೋಡೋಣ.

ಹೊರಗಿನ ನೌಕರಿಯ ಲೆಕ್ಕ

ಉದಾಹರಣೆಗಾಗಿ ಕೆಲವು ಅಂಕಿಗಳನ್ನು ಹಿಡಿಯೋಣ. ವಾಚಕರು ತಮ್ಮ ತಮ್ಮ ಅಂಕಿಗಳನ್ನು ಅದೇ ಜಾಗದಲ್ಲಿ ಬರೆದುಕೊಳ್ಳಬೇಕು. ಮನೆಯಾಕೆಗೆ ತಿಂಗಳಿಗೆ 12,000 ರೂಪಾಯಿಯ ಕೆಲಸ ಸಿಕ್ಕಿತೆನ್ನಿರಿ. ಪಾಳಣಾಘರಕ್ಕೆ 4,500, ಬಸ್ಸಿಗೆ 1,000, ಹೊರಗಿನ ಚಹ-ತಿಂಡಿಗೆ 700. ಕೂಸಿಗೆ ಜ್ವರ ಬಂದು ತಿಂಗಳಲ್ಲಿ ಎರಡು ದಿನ ಕೆಲಸ ತಪ್ಪಿದರೆ ಸುಮಾರು 900 ಹೋಯಿತು. ಒಟ್ಟು 7,100. ಕೈಯಲ್ಲಿ ಉಳಿದದ್ದು 4,900.

ಇದನ್ನು ನೋಡಿ, ‘ಇಷ್ಟಕ್ಕಾಗಿ ಕೂಸನ್ನು ಪರರ ಮನೆಯಲ್ಲಿ ಬಿಡಬೇಕೆ?’ ಎಂದು ಅನೇಕರು ಕೆಲಸ ಬಿಡಿಸುತ್ತಾರೆ. ಆದರೆ ಈ ಲೆಕ್ಕದಲ್ಲಿ ಮೂರು ಕಲಮುಗಳು ಬಿಟ್ಟುಹೋಗಿವೆ.

ಮೊದಲನೆಯದು: ಪಾಳಣಾಘರದ ಖರ್ಚನ್ನು ತಾಯಿಯ ಪಗಾರದಲ್ಲಿಯೇ ಏಕೆ ಕಳೆಯಬೇಕು? ಕೂಸು ಇಬ್ಬರದು. ಬಾಡಿಗೆ, ಜೋಳ, ಎಣ್ಣೆ ಇವುಗಳಂತೆ ಇದೂ ಮನೆಯ ಖರ್ಚು. ಇಬ್ಬರ ಗಳಿಕೆಯನ್ನು ಕೂಡಿಸಿ ಅದರಲ್ಲಿ ಕಳೆಯುವದು ನ್ಯಾಯ. ಎರಡನೆಯದು: ಪ್ರಾವಿಡೆಂಟ್ ಫಂಡ್ ಮತ್ತು ಇ.ಎಸ್.ಐ. ಇರುವ ಕೆಲಸವಾದರೆ, ಕೈಗೆ ಬಂದ ಹಣವಷ್ಟೇ ಗಳಿಕೆಯಲ್ಲ. ಫಂಡಿಗೆ ಮಾಲಕನೂ ತನ್ನ ಪಾಲು ಹಾಕುತ್ತಾನೆ, ಇ.ಎಸ್.ಐ. ಇದ್ದರೆ ಮನೆಯವರ ಔಷಧೋಪಚಾರಕ್ಕೂ ದಾರಿಯಾಗುತ್ತದೆ. ಮೂರನೆಯದು: ಪಾಳಣಾಘರದ ಖರ್ಚು ಮೂರು-ನಾಲ್ಕು ವರ್ಷದ್ದು. ನೌಕರಿ ಇಪ್ಪತ್ತು ವರ್ಷ ನಡೆಯಬಹುದು. ಒಮ್ಮೆ ಬಿಟ್ಟ ಕೆಲಸ ಅದೇ ಪಗಾರದಲ್ಲಿ ಮತ್ತೆ ಸಿಕ್ಕೀತೆಂಬ ಭರವಸೆಯಿಲ್ಲ.

ಈ ಮೂರನ್ನೂ ಬರೆದುಕೊಂಡ ಮೇಲೂ ನೌಕರಿ ಲಾಭದ್ದಲ್ಲವೆಂದು ಕಂಡರೆ ಬಿಡಬಹುದು. ಬರೆದುಕೊಳ್ಳದೆ ಬಿಡಬಾರದು.

ಮನೆಯಲ್ಲಿದ್ದು ಗಳಿಸುವದು

ಮನೆಗೆಲಸದಂತೆಯೇ ಕಾಣುವ ಉದ್ಯೋಗದಿಂದ ಹಣ ಗಳಿಸುವದು ಈ ಊರಿಗೆ ಹೊಸದಲ್ಲ. 1909ರಲ್ಲಿ ರಮಾಬಾಯಿ ರಾನಡೆಯವರು ಪುಣೆಯಲ್ಲಿ ಸೇವಾಸದನವನ್ನು ಆರಂಭಿಸಿದರು. ಹೊಲಿಗೆ, ಶುಶ್ರೂಷೆ, ಶಿಕ್ಷಕಿಯ ಕೆಲಸ ಇವುಗಳನ್ನು ಕಲಿತು ಎಷ್ಟೋ ಹೆಂಗಸರು ತಮ್ಮ ಕಾಲಮೇಲೆ ನಿಂತರು. 1959ರ ಮಾರ್ಚ 15ರಂದು ಮುಂಬಯಿಯ ಗಿರಗಾಂವದಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಮಾಡಲು ಕುಳಿತರು. ಅದೇ ಮುಂದೆ ಲಿಜ್ಜತ್ ಹಪ್ಪಳದ ಮಹಿಳಾ ಗೃಹ ಉದ್ಯೋಗವಾಯಿತು. ಅಲ್ಲಿನ ಪದ್ಧತಿ ತಿಳಿದುಕೊಳ್ಳತಕ್ಕದ್ದು: ಕಲಸಿದ ಹಿಟ್ಟನ್ನು ಕೇಂದ್ರದಿಂದ ಮನೆಗೆ ಒಯ್ಯುವದು, ಲಟ್ಟಿಸಿ ಒಣಗಿಸಿ ಮರಳಿ ಕೊಡುವದು, ತೂಕದ ಮೇಲೆ ಕೂಲಿ ಪಡೆಯುವದು. ಸರಕಿಗೆ ಸ್ವಂತ ಹಣ ಹಾಕಬೇಕಾಗಿಲ್ಲ, ಗಿರಾಕಿಯನ್ನು ಹುಡುಕಬೇಕಾಗಿಲ್ಲ. ಆದರೆ ಮನೆಯಲ್ಲಿ ಸ್ವಚ್ಛವಾದ ಜಾಗ ಬೇಕು. ಒಂದೇ ಖೋಲಿಯಲ್ಲಿ ಐದು ಜನರಿರುವಲ್ಲಿ ಇದೇ ದೊಡ್ಡ ಅಡಚಣೆ.

ನಮ್ಮ ಕಡೆಯ ಹೆಂಗಸರ ಕೈಯಲ್ಲಿ ಇನ್ನೊಂದು ವಿದ್ಯೆಯಿದೆ: ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ವಿಜಾಪುರ, ಕಲಬುರ್ಗಿ, ಬಾಗಲಕೋಟೆಗಳಿಂದ ಬಂದು ಒಂಟಿಯಾಗಿರುವ ಹುಡುಗರು ಪುಣೆಯಲ್ಲಿ ಕಡಿಮೆಯಿಲ್ಲ. ಭಾಕರಿಯನ್ನು ತಿನ್ನುವ ಮರಾಠಿ ಮನೆಗಳೂ ಇವೆ. ಇದರ ಲೆಕ್ಕವನ್ನೂ ಹಾಕೋಣ. ದಿನಕ್ಕೆ 40 ರೊಟ್ಟಿ ಬಡಿದು, ಒಂದಕ್ಕೆ 12 ರೂಪಾಯಿಯಂತೆ ಮಾರಿದರೆ 480 ಆಗುತ್ತದೆಂದು ಹಿಗ್ಗುವವರುಂಟು. ಹಿಟ್ಟು, ಗ್ಯಾಸು, ಕಾಗದ ಸೇರಿ ರೊಟ್ಟಿಗೆ 5 ರೂಪಾಯಿಯಾದರೆ 200 ಹೋಯಿತು. ಐದು ರೊಟ್ಟಿ ಮಾರದೆ ಉಳಿದರೆ ಮತ್ತೆ 60 ಹೋಯಿತು. ಉಳಿದದ್ದು 220. ಬಡಿಯಲು ಎರಡೂವರೆ ತಾಸು, ಸಂತೆ, ಮುಟ್ಟಿಸುವದು, ವಸೂಲಿ ಇವಕ್ಕೆ ಒಂದೂವರೆ ತಾಸು ಹಿಡಿದರೆ, ತಾಸಿಗೆ 55 ರೂಪಾಯಿ ಬಿತ್ತು. ತಿಂಗಳಲ್ಲಿ 25 ದಿನ ನಡೆಸಿದರೆ 5,500. ಮೇಲಿನ ನೌಕರಿಯ ಉಳಿತಾಯಕ್ಕಿಂತ ಇದು ತುಸು ಹೆಚ್ಚೇ. ಆದರೆ ಇಲ್ಲಿ ಫಂಡಿಲ್ಲ, ರಜೆಯಿಲ್ಲ, ಉದ್ದರಿ ಹೇಳಿ ಊರು ಬಿಟ್ಟುಹೋಗುವ ಗಿರಾಕಿಯ ಭಯವೂ ಇದೆ.

ಇಲ್ಲಿ ಮೂರು ಸೂಚನೆಗಳು. ಹಣವನ್ನು ವಾರಕ್ಕೊಮ್ಮೆ ಮುಂಗಡ ತೆಗೆದುಕೊಳ್ಳಿರಿ. ತಿನ್ನುವ ಪದಾರ್ಥ ಮಾರುವವರು 2006ರ ಆಹಾರ ಸುರಕ್ಷೆಯ ಕಾಯಿದೆಯಂತೆ ಹೆಸರು ನೋಂದಿಸಬೇಕು. ಸಣ್ಣವರಿಗೆ ದೊಡ್ಡ ಪರವಾನಿಗೆ ಬೇಡ, ನೋಂದಣಿ ಸಾಕು. ಮತ್ತು ಎಲ್ಲ ಗಿರಾಕಿಗಳೂ ಒಂದೇ ಕಾರಖಾನೆಯವರಾಗದಂತೆ ನೋಡಿಕೊಳ್ಳಿರಿ. ಮುಂಬಯಿಯ ಗಿರಣಿಗಾಂವದಲ್ಲಿ ಸಾವಿರಾರು ಗಿರಣಿ ಕಾಮಗಾರರಿಗೆ ಮನೆ ಮನೆಯ ಖಾನಾವಳಿಗಳಲ್ಲಿ ಹೆಂಗಸರೇ ಊಟ ಹಾಕುತ್ತಿದ್ದರು. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಗಿರಣಿಗಳು ನಿಂತಾಗ, ಉಣ್ಣುವವರ ಪಗಾರವೇ ನಿಂತಿತು. ಪಗಾರ ನಿಂತಲ್ಲಿ ಖಾನಾವಳಿಯ ಒಲೆ ಹೇಗೆ ಉರಿದೀತು?

ಒಲೆಯ ಮುಂದೆ ಕೂಸು

ಮನೆಯಲ್ಲಿಯೇ ಗಳಿಸಿದರೆ ಕೂಸನ್ನು ನೋಡುವ ಖರ್ಚು ಉಳಿಯಿತೆಂದು ತಿಳಿಯುವದು ಅರ್ಧ ಸತ್ಯ. ಹೆಂಚಿನ ಮುಂದೆ ಕುಳಿತವಳು ಅಂಬೆಗಾಲಿಡುವ ಕೂಸನ್ನು ಹೇಗೆ ಹಿಡಿದಾಳು? ಹೊಲಿಗೆಯ ಯಂತ್ರದ ಹತ್ತಿರ ಸೂಜಿ, ಕತ್ತರಿ. ಬೀಡಿ ಕಟ್ಟುವ ಮನೆಯಲ್ಲಿ ತಂಬಾಕಿನ ಧೂಳಿ. ಮನೆಯೇ ಕಾರಖಾನೆಯಾದಾಗ ಕೂಸು ಕಾರಖಾನೆಯಲ್ಲಿಯೇ ಇದ್ದಂತೆ. ಕೆಲಸದ ಆ ನಾಲ್ಕು ತಾಸು ಯಾರಾದರೂ ಕೂಸಿನ ಮೇಲೆ ಕಣ್ಣಿಡಲೇಬೇಕು.

ಆದುದರಿಂದ ಇನ್ನೊಂದು ಉದ್ಯೋಗವನ್ನು ಸೂಚಿಸುತ್ತೇವೆ: ಕೂಸುಗಳನ್ನು ನೋಡಿಕೊಳ್ಳುವದೇ ಉದ್ಯೋಗ. ಒಂದು ಚಾಳಿನಲ್ಲಿ ನಾಲ್ಕು ಮನೆಗಳ ತಾಯಂದಿರು ಹೊರಗೆ ದುಡಿಯುವವರಾಗಿ, ಐದನೆಯಾಕೆ ತನ್ನ ಕೂಸಿಗಾಗಿ ಮನೆಯಲ್ಲಿರುವವಳಾದರೆ, ಆಕೆ ಇನ್ನು ಮೂರು ಕೂಸುಗಳನ್ನು ಗೊತ್ತಾದ ಹಣಕ್ಕೆ ನೋಡಿಕೊಳ್ಳಬಹುದು. ಅವಳಿಗೆ ಗಳಿಕೆ, ಉಳಿದವರಿಗೆ ಪಾಳಣಾಘರಕ್ಕಿಂತ ಕಡಿಮೆ ಖರ್ಚು, ಕೂಸಿಗೆ ತನ್ನ ಮನೆಮಾತು. ಆದರೆ ಮಾತುಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು: ಎಷ್ಟು ಕೂಸು, ಎಷ್ಟು ಹೊತ್ತು, ಊಟ ಯಾರದು, ಜ್ವರ ಬಂದರೆ ಯಾರಿಗೆ ಫೋನು ಮಾಡಬೇಕು, ತಡವಾಗಿ ಬಂದರೆ ಏನು. ಸ್ನೇಹದ ಮೇಲೆ ಬಿಟ್ಟ ವ್ಯವಹಾರ ಸ್ನೇಹವನ್ನೂ ಕೆಡಿಸುತ್ತದೆ. ಮೂರು-ನಾಲ್ಕು ಚಿಕ್ಕ ಕೂಸುಗಳಿಗಿಂತ ಹೆಚ್ಚು ಒಬ್ಬಳ ಕೈಗೆ ಒಪ್ಪಿಸಬಾರದು.

ಗಂಡಸರ ಪಾಲು

ಹೆಚ್ಚಿನ ಗಳಿಕೆಯ ಮಾತು ಬಂದಾಗ ಗಂಡಸರು ಓವರ್‌ಟೈಮ್ ಹೇಳುತ್ತಾರೆ. ಕಾರಖಾನೆಯ ಕಾಮಗಾರರಿಗೆ ಓವರ್‌ಟೈಮಿಗೆ ಸಾಮಾನ್ಯ ದರದ ಎರಡು ಪಟ್ಟು ಕೊಡಬೇಕೆಂಬದು 1948ರ ಕಾಯಿದೆಯಿಂದ ಬಂದದ್ದು; 2020ರ ಸಂಹಿತೆಯಲ್ಲಿಯೂ ಹಾಗೆಯೇ ಇದೆ. ಚೀಟಿಯಲ್ಲಿ ಒಂದು ಪಟ್ಟು ಮಾತ್ರ ಕಂಡರೆ ಕೇಳುವದು ನಿಮ್ಮ ಹಕ್ಕು. ಕಾರಕೂನರು ಸಂಜೆ ಸಣ್ಣ ಅಂಗಡಿಗಳ ಲೆಕ್ಕ ಬರೆಯಬಹುದು, ಮಕ್ಕಳಿಗೆ ಪಾಠ ಹೇಳಬಹುದು; ಆದರೆ ತಮ್ಮ ಕಚೇರಿಯ ನಿಯಮದಲ್ಲಿ ಹೊರಗಿನ ಕೆಲಸಕ್ಕೆ ಪರವಾನಿಗೆ ಬೇಕೇ ಎಂಬುದನ್ನು ಮೊದಲು ನೋಡಬೇಕು.

ಇದೂ ಲೆಕ್ಕವೇ: ಗಂಡನು ರಾತ್ರಿ ಹತ್ತಕ್ಕೆ ಮನೆಗೆ ಬರುವದಕ್ಕಿಂತ, ಆರಕ್ಕೆ ಬಂದು ಎರಡು ತಾಸು ಕೂಸನ್ನು ನೋಡಿಕೊಂಡು, ಆ ಹೊತ್ತಿನಲ್ಲಿ ಹೆಂಡತಿ ರೊಟ್ಟಿ ಬಡಿದರೆ, ಕೆಲವು ಮನೆಗಳಲ್ಲಿ ಅದೇ ಹೆಚ್ಚು ಲಾಭದ್ದು. ಪಾಳಿಯಲ್ಲಿ ದುಡಿಯುವವರು ಇದನ್ನು ಇನ್ನೂ ಸುಲಭವಾಗಿ ಹೊಂದಿಸಬಹುದು. ಕೂಸನ್ನು ಎತ್ತಿಕೊಂಡರೆ ಗಂಡಸಿನ ತೋಳು ಸವೆಯುವದಿಲ್ಲ.

ಖರ್ಚನ್ನೇ ಇಳಿಸುವ ದಾರಿಗಳು

ಗಳಿಸಿದ ರೂಪಾಯಿಯೂ ಉಳಿಸಿದ ರೂಪಾಯಿಯೂ ಒಂದೇ ಬೆಲೆಯವು. ದೇಶದಲ್ಲಿ ಅಂಗನವಾಡಿಯ ಯೋಜನೆ 1975ರ ಅಕ್ಟೋಬರ 2ರಂದು ಆರಂಭವಾಯಿತು. ಆರು ವರ್ಷದೊಳಗಿನ ಮಕ್ಕಳಿಗೆ ಪೌಷ್ಟಿಕ ಆಹಾರ, ಲಸಿಕೆಯ ವ್ಯವಸ್ಥೆ, ಮೂರರಿಂದ ಆರರವರಿಗೆ ಆಟಪಾಠ. ಇದಕ್ಕೆ ಹಣವಿಲ್ಲ. ರೇಶನ್ ಕಾರ್ಡು ನಮ್ಮ ಊರಿನದೆಂದು ಹಿಂಜರಿಯಬೇಕಾಗಿಲ್ಲ. ಆ ಬಡಾವಣೆಯಲ್ಲಿ ವಾಸಿಸುವ ಮಕ್ಕಳಿಗಾಗಿಯೇ ಅದು ಇರುವದು. ಆದರೆ ಅಂಗನವಾಡಿ ಕೆಲವೇ ತಾಸು ನಡೆಯುತ್ತದೆ. ಇಡೀ ದಿನದ ಪಾಳಣಾಘರಕ್ಕೆ ಅದು ಪರ್ಯಾಯವಲ್ಲ. ಅರ್ಧ ದಿನದ ಕೆಲಸ ಮಾಡುವವರಿಗೆ ಅದು ದೊಡ್ಡ ಆಸರೆ.

ಎರಡನೆಯದು ಕೆಲಸದ ಸ್ಥಳದ ಪಾಳಣಾಘರ. 1948ರ ಕಾರಖಾನೆ ಕಾಯಿದೆ ಇದನ್ನು ಹೆಂಗಸರ ಸಂಖ್ಯೆಯ ಮೇಲೆ ಇಟ್ಟಿತ್ತು: ಮೊದಲು 50ಕ್ಕಿಂತ ಹೆಚ್ಚು, 1976ರ ತಿದ್ದುಪಡಿಯಿಂದ 30ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಮಾತ್ರ. ಹೆಂಗಸರನ್ನು ಕಡಿಮೆ ಇಟ್ಟುಕೊಂಡರೆ ಮಾಲಕನ ಹೊಣೆ ತಪ್ಪುತ್ತಿತ್ತು. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿ ಈ ಲೆಕ್ಕವನ್ನು ಬದಲಿಸಿತು. ಗಂಡಸರು ಹೆಂಗಸರು ಸೇರಿ 50 ಅಥವಾ ಹೆಚ್ಚು ನೌಕರರಿದ್ದಲ್ಲಿ ಪಾಳಣಾಘರ ಇರಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಕೂಸನ್ನು ನೋಡಿಬರಬಹುದು. 2020ರ ಸಾಮಾಜಿಕ ಭದ್ರತೆಯ ಸಂಹಿತೆಯಲ್ಲಿಯೂ ಇದೇ ನಿಯಮವಿದೆ. ಒಬ್ಬಳೇ ಕೇಳಿದರೆ ಕೆಲಸ ಹೋದೀತೆಂಬ ಅಂಜಿಕೆ ಸಹಜ. ಹತ್ತು ಜನ ಸಹಿ ಮಾಡಿ, ಅವರಲ್ಲಿ ಐವರು ತಂದೆಯರಾದರೆ, ಅಂಜಿಕೆ ಹಂಚಿಹೋಗುತ್ತದೆ.

ಕಟ್ಟಡ ಕೆಲಸದಲ್ಲಿರುವ ನಮ್ಮವರ ಸ್ಥಿತಿ ಎಲ್ಲಕ್ಕಿಂತ ಕಠಿಣ. ಉಸುಕಿನ ರಾಶಿಯ ಬದಿಗೆ ಕೂಸನ್ನು ಮಲಗಿಸಿ ತಾಯಿ ಪುಟ್ಟಿ ಹೊರುತ್ತಾಳೆ. ಇಂಥ ನೋಟವನ್ನು ಕಂಡೇ 1969ರಲ್ಲಿ ಮೀರಾ ಮಹಾದೇವನ್ ಅವರು ದಿಲ್ಲಿಯ ಕಟ್ಟಡದ ಜಾಗದಲ್ಲಿ ಮೊಬೈಲ್ ಕ್ರೆಶ್ ಎಂಬ ಸಂಚಾರಿ ಪಾಳಣಾಘರವನ್ನು ಆರಂಭಿಸಿದರು. ಕೆಲಸ ಮುಗಿದು ಕಾಮಗಾರರು ಮುಂದಿನ ಜಾಗಕ್ಕೆ ಹೋದರೆ ಪಾಳಣಾಘರವೂ ಹೋಗುವದು. ಪುಣೆಯಲ್ಲಿ ತಾರಾ ಮೊಬೈಲ್ ಕ್ರೆಶಸ್ ಎಂಬ ಸಂಸ್ಥೆ ಈ ಕೆಲಸ ಮಾಡುತ್ತ ಬಂದಿದೆ. ನಿಮ್ಮ ಗುತ್ತೇದಾರನನ್ನು ಈ ಬಗೆಗೆ ಕೇಳಿರಿ.

ಗಳಿಕೆ ಮತ್ತು ಕೂಸು ಎರಡನ್ನೂ ಕೂಡಿಸಿ ನೋಡಿದ ಉದಾಹರಣೆಯೂ ಈ ಊರಿನಲ್ಲಿಯೇ ಇದೆ. ಮೇಲೆ ಹೇಳಿದ ಖಾನಾವಳಿಯ ಹೆಂಗಸರು ಬಡ್ಡಿಯವರ ಕೈಯಲ್ಲಿ ಸಿಕ್ಕು ತೊಳಲುತ್ತಿದ್ದುದನ್ನು ಕಂಡು, ಪ್ರೇಮಾ ಪುರವ ಅವರು 1975ರಲ್ಲಿ ಮುಂಬಯಿಯಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿ, ಅವರಿಗೆ ಬ್ಯಾಂಕಿನ ಸಾಲ ಸಿಗುವಂತೆ ಮಾಡಿದರು. ಅವರ ಮಗಳು ಮೇಧಾ ಸಾಮಂತ ಅವರು 1993ರಲ್ಲಿ ಪುಣೆಯಲ್ಲಿ ಅದೇ ಕೆಲಸವನ್ನು ಆರಂಭಿಸಿದರು. ಕಾಯಿಪಲ್ಲೆ ಮಾರುವ, ಸಣ್ಣ ವ್ಯಾಪಾರ ಮಾಡುವ ಬಡ ಹೆಂಗಸರಿಗೆ ಗುಂಪಿನ ಹೊಣೆಯ ಮೇಲೆ ಸಣ್ಣ ಸಾಲ; ಜೊತೆಗೆ ಅವರ ವಸತಿಗಳಲ್ಲಿ ಮಕ್ಕಳಿಗಾಗಿ ಪಾಳಣಾಘರ. ತಾಯಿಗೆ ಸಾಲ ಕೊಟ್ಟು ಕೂಸನ್ನು ಮರೆತರೆ ವ್ಯಾಪಾರ ನಡೆಯುವದಿಲ್ಲವೆಂಬುದನ್ನು ಅವರು ಅರಿತಿದ್ದರು.

ಎರಡು ಎಚ್ಚರಿಕೆಗಳು

‘ಮನೆಯಲ್ಲಿ ಕುಳಿತು ದಿನಕ್ಕೆ ಸಾವಿರ ಗಳಿಸಿರಿ’ ಎಂಬ ಚೀಟಿಗಳು ಬಸ್ಸಿನಲ್ಲಿ ಅಂಟಿರುತ್ತವೆ, ಫೋನಿಗೂ ಬರುತ್ತವೆ. ಕೆಲಸ ಕೊಡುವವನು ಕೂಲಿ ಕೊಡಬೇಕು. ಮೊದಲು ನಮ್ಮಿಂದಲೇ ಠೇವಣಿ ಕೇಳುವವನು ಕೆಲಸ ಕೊಡುವವನಲ್ಲ. ಈ ಒಂದು ಮಾತು ನೆನಪಿದ್ದರೆ ಸಾಕು.

ಎರಡನೆಯದು ಇನ್ನೂ ದೊಡ್ಡದು. ಕೂಸನ್ನು ನೋಡಲು ಹತ್ತು-ಹನ್ನೆರಡು ವರ್ಷದ ಹಿರಿಯ ಮಗಳನ್ನು ಶಾಲೆ ಬಿಡಿಸುವದು ನಮ್ಮಲ್ಲಿ ನಡೆದೇ ಇದೆ. ಹಣ ಕೊಡಬೇಕಾಗಿಲ್ಲವೆಂದು ಅದು ಅಗ್ಗವಾಗಿ ಕಾಣುತ್ತದೆ. ಕಿರ್ದಿಯಲ್ಲಿ ಬರೆಯದಿದ್ದರೂ ಖರ್ಚು ಖರ್ಚೇ. ನಾಲ್ಕು ವರ್ಷದ ನಂತರ ಕೂಸು ಶಾಲೆಗೆ ಹೋಗುತ್ತದೆ. ಶಾಲೆ ಬಿಟ್ಟ ಮಗಳು ಮಾತ್ರ ಮರಳಿ ಹೋಗುವದಿಲ್ಲ. ಮುಂದೆ ಆಕೆ ಕಡಿಮೆ ಕೂಲಿಗೆ ದುಡಿಯುವ ತಾಯಿಯಾದಾಗ, ಇದೇ ಗಂಟು ಅವಳ ಕೈಗೆ ಬರುತ್ತದೆ. ಬೇರೆ ಯಾವ ಖರ್ಚನ್ನು ಬೇಕಾದರೂ ಇಳಿಸಿರಿ, ಇದೊಂದನ್ನು ಮಾಡಬೇಡಿರಿ.

ಇಷ್ಟು ಓದಿದ ಮೇಲೆ ವಾಚಕರು ಒಂದು ಹಾಳೆಯಲ್ಲಿ ಎಡಕ್ಕೆ ಜಮೆ, ಬಲಕ್ಕೆ ಖರ್ಚು ಬರೆದು, ಗಂಡ-ಹೆಂಡತಿ ಇಬ್ಬರೂ ಕುಳಿತು ನೋಡಬೇಕೆಂದು ನಮ್ಮ ವಿನಂತಿ. ಬರೆಯಲು ಬಾರದವರು ರವಿವಾರ ಬೆಳಿಗ್ಗೆ ವಾಚನಾಲಯಕ್ಕೆ ಬಂದರೆ ನಾವು ಬರೆದುಕೊಡುತ್ತೇವೆ. ನೋಂದಣಿಯ ಅರ್ಜಿಯನ್ನೂ ತುಂಬಿಕೊಡುತ್ತೇವೆ. ನಿಮ್ಮ ಬಡಾವಣೆಯಲ್ಲಿ ಒಳ್ಳೆಯ ಅಂಗನವಾಡಿ ಇಲ್ಲವೆ ಪಾಳಣಾಘರವಿದ್ದರೆ ಅದರ ವಿಳಾಸವನ್ನು ಮೇಜಿನ ಮೇಲಿನ ವಹಿಯಲ್ಲಿ ಬರೆದುಹೋಗಿರಿ. ಹೊಸದಾಗಿ ಊರಿನಿಂದ ಬಂದ ಇನ್ನೊಬ್ಬ ತಾಯಿಗೆ ಅದು ಉಪಯೋಗವಾದೀತು.