ಗಡಿಯಾಚೆಯ ಟ್ರ್ಯಾಕ್ಟರ್: ಆರ್‌ಸಿಯಲ್ಲಿ ಯಾರ ಹೆಸರಿದೆ?

ಗೌರಿಬಿದನೂರು ಕಡೆಯ ನಮ್ಮ ಸದಸ್ಯೆಯೊಬ್ಬರು ಎರಡು ವರ್ಷದ ಹಾಲಿನ ಬಟವಾಡೆಯಲ್ಲಿ ಉಳಿಸಿದ್ದನ್ನು, ಮೇಲೆ ಸಂಘದ ಸಾಲವನ್ನೂ ಸೇರಿಸಿ ಹಿಂದೂಪುರದ ಕಡೆಯಿಂದ ಒಂದು ಹಳೇ ಟ್ರ್ಯಾಕ್ಟರ್ ತಂದರು. ಎಂಟು ಹಸುಗಳಿಗೆ ಮೇವು ಸಾಗಿಸುವುದು, ಜೋಳದ ಹೊಲ ಉಳುವುದು, ಗೊಬ್ಬರ ಹೊಡೆಯುವುದು ಎಲ್ಲ ಅದರಲ್ಲೇ. ನೂರು ರೂಪಾಯಿ ಛಾಪಾ ಕಾಗದದ ಮೇಲೆ ಕರಾರು ಬರೆದು, ಇಬ್ಬರು ಸಾಕ್ಷಿ ಹಾಕಿಸಿ, ಪೂರ್ತಿ ಹಣ ಕೊಟ್ಟಿದ್ದರು. "ಪೇಪರ್ ಆಮೇಲೆ ಮಾಡಿಸಿಕೊಡ್ತೀನಕ್ಕ, ಒಂದು ವರ್ಷ ಯಾರೂ ಕೇಳಲ್ಲ" ಎಂದಿದ್ದ ಬ್ರೋಕರ್.

ಏಳನೇ ತಿಂಗಳಿಗೆ ಫೈನಾನ್ಸ್ ಕಂಪನಿಯವರು ಬಂದು ಟ್ರ್ಯಾಕ್ಟರ್ ತೆಗೆದುಕೊಂಡು ಹೋದರು. ಮಾರಿದವನ ಕಂತು ಬಾಕಿ ಇತ್ತು, ಆರ್‌ಸಿಯಲ್ಲಿ ಅವನದೇ ಹೆಸರಿತ್ತು. ಕರಾರು ಪತ್ರ ತೋರಿಸಿದರೆ ಅವರು ಓದಲೂ ಇಲ್ಲ. ಹಣ ಕೊಟ್ಟಿದ್ದಕ್ಕೆ ಸಾಕ್ಷಿಯಾಗಿ ಆ ಕಾಗದ ನಿಲ್ಲಬಹುದು. ಆದರೆ ಫೈನಾನ್ಸ್‌ನವರಿಗೆ, ಪೊಲೀಸರಿಗೆ, ವಿಮೆಯವರಿಗೆ ಮಾಲೀಕರೆಂದರೆ ಆರ್‌ಸಿಯಲ್ಲಿ ಹೆಸರಿರುವವರೇ.

ಟ್ರ್ಯಾಕ್ಟರ್ ಹೊಲದಲ್ಲಿ ಓಡುವುದು ತಾನೇ, ಇದಕ್ಕೇಕೆ ಇಷ್ಟೆಲ್ಲ ಎಂದು ಕೇಳುವವರಿದ್ದಾರೆ. ಹೊಲದಿಂದ ಮನೆಗೆ ಬರುವ ದಾರಿ ರಸ್ತೆಯೇ. 1988ರ ಮೋಟಾರು ವಾಹನ ಕಾಯ್ದೆ ಟ್ರ್ಯಾಕ್ಟರನ್ನೂ ಮೋಟಾರು ವಾಹನವೆಂದೇ ಎಣಿಸುತ್ತದೆ. ಹಿಂದೆ ಕಟ್ಟುವ ಟ್ರೇಲರ್‌ಗೆ ಬೇರೆ ನೋಂದಣಿ, ಬೇರೆ ನಂಬರು, ಬೇರೆ ಆರ್‌ಸಿ. ಟ್ರ್ಯಾಕ್ಟರ್ ಕೊಳ್ಳುವಾಗ ಟ್ರೇಲರ್ ಪುಕ್ಕಟೆ ಬಂತೆಂದು ಖುಷಿಪಡುವ ಮೊದಲು ಅದರ ಆರ್‌ಸಿ ಎಲ್ಲಿ ಎಂದು ಕೇಳಿ.

ಈಗ ಆ ಬ್ರೋಕರ್‌ನ 'ಒಂದು ವರ್ಷ'ದ ಮಾತು. ಅದು ಪೂರ್ತಿ ಸುಳ್ಳೂ ಅಲ್ಲ, ನಿಜವೂ ಅಲ್ಲ. ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿನ ಹೊಸ ನಂಬರು ಪಡೆಯಬೇಕೆಂದು ಕಾಯ್ದೆಯ 47ನೇ ಕಲಂ ಹೇಳುತ್ತದೆ. ವಾಹನ ತನ್ನದೇ ಇದ್ದು ಊರು ಬದಲಾಯಿಸಿದವರಿಗೆ ಈ ಲೆಕ್ಕ ಸರಿ. ವಾಹನ ಕೈ ಬದಲಾದಾಗ ಹಿಡಿಯಬೇಕಾದದ್ದು 50ನೇ ಕಲಂ. ಅದರಂತೆ ಕೊಂಡವರು 30 ದಿನದೊಳಗೆ ತಮ್ಮ ಆರ್‌ಟಿಒಗೆ ತಿಳಿಸಬೇಕು. ಹೊರರಾಜ್ಯದ ವಾಹನವಾದರೆ ಮಾರಿದವರು 45 ದಿನದೊಳಗೆ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ, ಒದಗಿಸಬೇಕು.

ಈ ಎನ್‌ಒಸಿಯೇ ಇಡೀ ವ್ಯವಹಾರದ ಮೂಗುದಾರ. ಅದಕ್ಕೆ ಅರ್ಜಿ ಹಾಕಬೇಕಾದವರು ಮಾರುವವರು, ಹಾಕಬೇಕಾದ್ದು ಅವರ ಆರ್‌ಟಿಒನಲ್ಲಿ, ಫಾರಂ 28ರಲ್ಲಿ. ತೆರಿಗೆ ಬಾಕಿ ಇರಬಾರದು, ಕಳವಿನ ದೂರು ಇರಬಾರದು. ಸಾಲವಿದ್ದರೆ ಮೊದಲು ಅದನ್ನು ತೀರಿಸಿ, ಮಾಲೀಕರೂ ಸಾಲ ಕೊಟ್ಟವರೂ ಸಹಿ ಮಾಡಿದ ಫಾರಂ 35 ಕೊಟ್ಟು ಆರ್‌ಸಿಯಲ್ಲಿರುವ ಸಾಲದ ನಮೂದನ್ನು ತೆಗೆಸಬೇಕು. ಇದನ್ನೇ ನಮ್ಮ ಕಡೆ ಎಚ್‌ಪಿ ಕ್ಯಾನ್ಸಲ್ ಎನ್ನುವುದು. "ಸಾಲ ತೀರಿದೆ" ಎಂಬ ಬ್ಯಾಂಕಿನ ಚೀಟಿ ಮಾತ್ರ ತೋರಿಸಿದರೆ ಒಪ್ಪಬೇಡಿ, ಆರ್‌ಸಿಯಲ್ಲೇ ನಮೂದು ಹೋಗಿರಬೇಕು. ವಾಹನ ಯಾವ ಆರ್‌ಟಿಒಗೆ ಹೋಗಲಿದೆ ಎಂಬುದನ್ನು ಎನ್‌ಒಸಿಯಲ್ಲಿ ಬರೆದಿರುತ್ತಾರೆ. ಅಲ್ಲಿ ನಿಮ್ಮ ಆರ್‌ಟಿಒ ಹೆಸರೇ ಇದೆಯೇ ನೋಡಿಕೊಳ್ಳಿ, ತಪ್ಪಿದ್ದರೆ ಮತ್ತೆ ಗಡಿ ದಾಟಿ ಓಡಾಡಬೇಕು. ಅರ್ಜಿ ಕೊಟ್ಟ ರಸೀದಿಯನ್ನೂ ಜೋಪಾನ ಮಾಡಿ. 30 ದಿನದೊಳಗೆ ಅಧಿಕಾರಿ ಕೊಡುತ್ತೇನೆ ಎಂದೂ ಹೇಳದೆ, ಕೊಡುವುದಿಲ್ಲ ಎಂದೂ ಹೇಳದೆ ಸುಮ್ಮನಿದ್ದರೆ ಎನ್‌ಒಸಿ ಕೊಟ್ಟಂತೆಯೇ ಎನ್ನುತ್ತದೆ 48ನೇ ಕಲಂ.

ಎನ್‌ಒಸಿ ಕೈಗೆ ಬಂದರೆ ಉಳಿದದ್ದು ನಮ್ಮ ಆರ್‌ಟಿಒ ಕೆಲಸ. ಮಾರಿದವರ ಸಹಿಯ ಫಾರಂ 29, ಇಬ್ಬರೂ ಸಹಿ ಮಾಡುವ ಫಾರಂ 30, ಹೊಸ ನಂಬರಿಗೆ ಫಾರಂ 27, ಮೂಲ ಆರ್‌ಸಿ, ವಿಮೆ, ವಿಳಾಸದ ದಾಖಲೆ, ಪ್ಯಾನ್ ಕಾರ್ಡ್. ಪ್ಯಾನ್ ಇಲ್ಲದವರು ಫಾರಂ 60 ಕೊಡಬಹುದು. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ಇದನ್ನು ಮಾತ್ರ ಹಣ ಕೊಡುವ ಮೊದಲೇ, ಮಾರುವವರ ಅಂಗಳದಲ್ಲೇ, ನೀವೇ ಮಾಡಿ ಆರ್‌ಸಿಯ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ. ಎಂಜಿನ್ ನಂಬರೂ ಹಾಗೆಯೇ. ಉಜ್ಜಿ ತಿದ್ದಿದ ಗುರುತು ಕಂಡರೆ ಟೀ ಕುಡಿದು ವಾಪಸ್ ಬನ್ನಿ. ನೋಂದಣಿಯಾದ ತಾರೀಖನ್ನೂ ನೋಡಿ. 15 ವರ್ಷ ದಾಟಿದ್ದರೆ ತಪಾಸಣೆ ಮಾಡಿಸಿ ನವೀಕರಿಸಿರಬೇಕು. ನಮ್ಮ ರಾಜ್ಯದಲ್ಲಿ ಕಟ್ಟಬೇಕಾದ ತೆರಿಗೆಯನ್ನು ಮೊದಲೇ ಆರ್‌ಟಿಒನಲ್ಲಿ ವಿಚಾರಿಸಿಕೊಂಡು, ಅದನ್ನೂ ಸೇರಿಸಿ ಚೌಕಾಸಿಗೆ ಕೂತುಕೊಳ್ಳಿ.

ಆರ್‌ಸಿಯಲ್ಲಿ ಹೆಸರಿರುವ ಮಾಲೀಕರು ತೀರಿಕೊಂಡಿದ್ದರೆ ಮಗನೋ ತಮ್ಮನೋ ಸಹಿ ಹಾಕಿ ಮಾರುವಂತಿಲ್ಲ. ವಾರಸುದಾರರು ಫಾರಂ 31 ಕೊಟ್ಟು ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಇದು ನಮ್ಮ ಮನೆಗಳಿಗೂ ಅನ್ವಯಿಸುತ್ತದೆ. ಗಂಡ ಹೋಗಿ ಐದಾರು ವರ್ಷವಾದರೂ ಟ್ರ್ಯಾಕ್ಟರ್ ಅವರ ಹೆಸರಲ್ಲೇ ಇರುವ ಮನೆಗಳು ಪ್ರತಿ ಊರಲ್ಲೂ ಇವೆ. ಸಾವಾದ 30 ದಿನದೊಳಗೆ ಆರ್‌ಟಿಒಗೆ ತಿಳಿಸಿದರೆ ಮೂರು ತಿಂಗಳ ತನಕ ಹಳೆಯ ಹೆಸರಲ್ಲೇ ಓಡಿಸಲು ಕಾಯ್ದೆ ಬಿಡುತ್ತದೆ, ಅಷ್ಟೇ.

ಮಾರುವವರು "ನಂಗೇನು ಬಿಡಿ" ಎಂದು ಎನ್‌ಒಸಿಗೆ ಓಡಾಡಲು ಬೇಸರಪಟ್ಟರೆ ಅವರಿಗೊಂದು ವಿಷಯ ಹೇಳಿ. ವಾಹನ ಮಾರಿದ್ದರೂ ಆರ್‌ಸಿಯಲ್ಲಿ ಹೆಸರು ಬದಲಾಗಿರದಿದ್ದರೆ, ಅಪಘಾತದ ಪರಿಹಾರಕ್ಕೆ ಆ ಹೆಸರಿನವರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಕೇಳಿದ ಮೇಲೆ ಅವರೇ ಮುಂದೆ ನಡೆಯುತ್ತಾರೆ. ನೀವೂ ಕೊಂಡ 14 ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಿ.

ಇನ್ನು, ಆರ್‌ಸಿ ಯಾರ ಹೆಸರಿಗೆ? ಹಾಲು ಕರೆದವರು, ಬಟವಾಡೆ ಉಳಿಸಿದವರು ನೀವು. ಕಚೇರಿಯ ಕಾಗದ ತುಂಬುವಾಗ ಮಾತ್ರ ಯಜಮಾನರ ಹೆಸರು, ಇಲ್ಲವೇ ಮೈದುನನ ಹೆಸರು. "ಅವಳಿಗೆ ಲೈಸೆನ್ಸ್ ಇಲ್ಲವಲ್ಲ" ಎಂದು ಕಾರಣ ಹೇಳುತ್ತಾರೆ. ಲೈಸೆನ್ಸ್ ಬೇಕಾದದ್ದು ಓಡಿಸುವವರಿಗೆ, ಮಾಲೀಕರಿಗಲ್ಲ.

ಗೌರಿಬಿದನೂರಿನ ಆ ಸದಸ್ಯೆ ಕಳೆದ ವರ್ಷ ಇನ್ನೊಂದು ಟ್ರ್ಯಾಕ್ಟರ್ ಕೊಂಡರು, ಇದೂ ಆಂಧ್ರದ್ದೇ, ಮಡಕಶಿರಾ ಕಡೆಯದು. ಈ ಸಲ ಮುಂಗಡ ಕೊಟ್ಟು, ಉಳಿದದ್ದು ಎನ್‌ಒಸಿ ಬಂದ ದಿನ ಎಂದರು. ಬ್ರೋಕರ್ ಮುಖ ಗಂಟಿಕ್ಕಿದ, ಇವರು ಜಗ್ಗಲಿಲ್ಲ. ಎರಡು ತಿಂಗಳು ಹಿಡಿಯಿತು. ಈಗ ಟ್ರ್ಯಾಕ್ಟರ್ ಮೇಲೆ ಕೆಎ 40 ನಂಬರಿದೆ, ಆರ್‌ಸಿಯಲ್ಲಿ ಅವರದೇ ಹೆಸರಿದೆ. ಟ್ರೇಲರ್‌ನ ಎನ್‌ಒಸಿ ಮಾತ್ರ ಇನ್ನೂ ಬರಬೇಕು. ಅದಕ್ಕೆಂದು ಹಿಡಿದಿಟ್ಟ ಹದಿನೈದು ಸಾವಿರ ಅವರ ಪೆಟ್ಟಿಗೆಯಲ್ಲೇ ಇದೆ.