ಆರು ಸಾವಿರದ ಆಲ್-ಇನ್‌ಗೆ ಕಾಲ್ ಮಾಡಬೇಕೇ?

ಟೂರ್ನಮೆಂಟ್ ಪೋಕರ್‌ನಲ್ಲಿ ಕಡಿಮೆ ಚಿಪ್ ಉಳಿದವನು ಇದ್ದದ್ದೆಲ್ಲ ಮುಂದಿಟ್ಟರೆ (ಆಲ್-ಇನ್) ಅಷ್ಟೇ ಚಿಪ್ ಹಾಕಿ ಕಾಲ್ ಮಾಡಬೇಕೇ ಎಂದು ಹಾಗಲವಾಡಿಯ ಓದುಗರೊಬ್ಬರು ಕೇಳಿದ್ದಾರೆ. ಅಂದರ್-ಬಾಹರ್‌ನಲ್ಲಿ ಈ ಪ್ರಶ್ನೆಯೇ ಏಳದು. ಅಲ್ಲಿ ಜೋಡಿ ಎಲೆ ಬಿದ್ದ ಕಡೆಗೆ ಗೆಲುವು. ಪೋಕರ್‌ನಲ್ಲಿ ಮೊದಲು ಲೆಕ್ಕ.

ಕಡ್ಡಾಯ ಪಣಗಳಾದ ಬ್ಲೈಂಡ್ 500 ಮತ್ತು 1,000, ಮೇಜಿನ ಆಂಟಿ 1,000 ಎನ್ನಿ. ಡೀಲರ್ ಜಾಗದವನು ತನ್ನ 6,000 ಚಿಪ್‌ಗಳನ್ನೂ ಇಟ್ಟ, ಸ್ಮಾಲ್ ಬ್ಲೈಂಡ್‌ನವನು ಎಲೆ ಬಿಟ್ಟ. ನಡುವೆ 8,500 ಸೇರಿತು. ಬಿಗ್ ಬ್ಲೈಂಡ್‌ನವನು ಇನ್ನು 5,000 ಹಾಕಿದರೆ ಒಟ್ಟು 13,500. ಅಂದರೆ ಗೆಲ್ಲುವ ಸಾಧ್ಯತೆ ಶೇ. 37 ದಾಟಿದರೆ ಕಾಲ್ ಲಾಭವೇ. ಒಂದೇ ಗುರುತಿನ ಒಂಬತ್ತು-ಎಂಟು ಎಕ್ಕ-ರಾಜನೆದುರೂ ಸುಮಾರು ಶೇ. 40 ಸಲ ಗೆಲ್ಲುತ್ತದೆ. ಹತ್ತರ ಜೋಡಿ ಎದುರಾದರೆ ಅದು ಶೇ. 20ರ ಆಸುಪಾಸಿಗೆ ಕುಸಿಯುತ್ತದೆ. ಹಾಗಾಗಿ ಎದುರಾಳಿ ಎಂಥೆಂಥ ಎಲೆಗೆ ಆಲ್-ಇನ್ ಮಾಡುತ್ತಾನೆಂಬ ಅಂದಾಜೇ ನಿಜವಾದ ಕೌಶಲ.

ಬಹುಮಾನದ ಹೊಸ್ತಿಲಲ್ಲಿ ಈ ಲೆಕ್ಕವೊಂದನ್ನೇ ನಂಬಬಾರದು. ಅಲ್ಲಿ ಕಳೆದುಕೊಂಡ ಚಿಪ್‌ನ ಬೆಲೆ ಗೆದ್ದ ಚಿಪ್‌ಗಿಂತ ಹೆಚ್ಚು. ಬೇರೊಬ್ಬ ಹೊರಬಿದ್ದರೂ ಉಳಿದವರಿಗೆ ಹಣ ಸಿಗುತ್ತದೆ.

ಇನ್ನು ಕಾನೂನಿನ ಮಾತು: ಕೌಶಲದ ಆಟವಾಗಿ ಆಡುವ ಪೋಕರ್‌ಗೆ ಪರವಾನಗಿ ಬೇಕಿಲ್ಲವೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಪೋಕರನ್ನು ಮಾತ್ರ 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ.