ಯಾರಿಗೆ ಯಾವ ಚಿತ್ರ: ಪ್ರಮಾಣಪತ್ರದ ಹಿಂದಿನ ವಿಚಾರ

ಭಾರತದ ಚಿತ್ರಮಂದಿರಗಳಲ್ಲಿ ಚಿತ್ರ ಆರಂಭವಾಗುವ ಮುನ್ನ ತೆರೆಯ ಮೇಲೆ ಮೂಡುವ ಪ್ರಮಾಣಪತ್ರವನ್ನು ನೀಡುವುದು, ಜನರ ಬಾಯಲ್ಲಿ ಸೆನ್ಸಾರ್ ಮಂಡಳಿ ಎನಿಸಿಕೊಂಡಿರುವ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಕೆಲಸ ಮಾಡುವ ಈ ಮಂಡಳಿಗೆ ಬೆಂಗಳೂರೂ ಸೇರಿದಂತೆ ಒಂಬತ್ತು ಪ್ರಾದೇಶಿಕ ಕಚೇರಿಗಳಿದ್ದು, ನಿರ್ಮಾಪಕರು ಅರ್ಜಿ ಸಲ್ಲಿಸಿದ ಬಳಿಕ ಪರಿಶೀಲನಾ ಸಮಿತಿಯ ಸದಸ್ಯರು ಚಿತ್ರವನ್ನು ಪೂರ್ತಿಯಾಗಿ ನೋಡಿ ತಮ್ಮ ತಮ್ಮ ಅಭಿಪ್ರಾಯ ದಾಖಲಿಸುತ್ತಾರೆ. ಅದನ್ನು ಒಪ್ಪದ ನಿರ್ಮಾಪಕರು ಪುನರ್‌ಪರಿಶೀಲನಾ ಸಮಿತಿಯ ಮೊರೆಹೋಗಬಹುದು, ಅಲ್ಲಿಯೂ ಸಮಾಧಾನ ಸಿಗದಿದ್ದರೆ, ಮೇಲ್ಮನವಿ ನ್ಯಾಯಮಂಡಳಿ 2021ರಲ್ಲಿ ರದ್ದಾಗಿರುವುದರಿಂದ, ಹೈಕೋರ್ಟಿಗೆ ಹೋಗಬೇಕು.

‘ಯು’ ಎಂದರೆ ಎಲ್ಲರೂ ನೋಡಬಹುದಾದ ಚಿತ್ರ, ‘ಎ’ ಎಂದರೆ ಹದಿನೆಂಟು ತುಂಬಿದವರಿಗೆ ಮಾತ್ರ ಮೀಸಲಾದದ್ದು, ‘ಎಸ್’ ಎಂದರೆ ವೈದ್ಯರಂಥ ನಿರ್ದಿಷ್ಟ ವರ್ಗದವರಿಗಾಗಿ ಇರುವಂಥದ್ದು. ಇವುಗಳ ನಡುವೆ 1983ರಲ್ಲಿ ಬಂದ ‘ಯು/ಎ’ ಶ್ರೇಣಿಯನ್ನು 2023ರ ತಿದ್ದುಪಡಿಯು ಏಳು, ಹದಿಮೂರು ಮತ್ತು ಹದಿನಾರು ವರ್ಷಗಳ ಮೂರು ಮೆಟ್ಟಿಲುಗಳಾಗಿ ಒಡೆಯಿತು. ಈ ವಿಂಗಡಣೆ ಬಹಳ ಹಿಂದೆಯೇ ಆಗಬೇಕಿತ್ತು. ಗಂಡ ಹೆಂಡತಿಯನ್ನು ಹೊಡೆಯುವ ದೃಶ್ಯವೊಂದನ್ನು ನೋಡಿದ ಆರು ವರ್ಷದ ಮಗುವಿಗೆ ಉಳಿಯುವುದು ಹೆದರಿಕೆಯಷ್ಟೇ. ಹದಿನೈದರ ಹುಡುಗಿಗಾದರೋ ಅದರ ಹಿಂದಿನ ಅನ್ಯಾಯವೂ ಕಾಣುತ್ತದೆ. ‘ಎ’ ಚಿತ್ರಕ್ಕೆ ಎಳೆಯರನ್ನು ಬಿಡದಿರುವುದು ಚಿತ್ರಮಂದಿರದವರ ಕಾನೂನುಬದ್ಧ ಹೊಣೆಯಾದರೆ, ‘ಯು/ಎ’ ಜೊತೆಗಿನ ಅಂಕಿ ಹೆತ್ತವರಿಗೆ ನೀಡಿದ ಸಲಹೆ ಮಾತ್ರ, ತೀರ್ಮಾನ ಅವರದೇ.

ಇಂಥ ವಿಂಗಡಣೆಗೆ ಗಟ್ಟಿಯಾದ ಸಮರ್ಥನೆ ದೊರೆತದ್ದು ಚಿತ್ರ ನಿರ್ದೇಶಕ ಕೆ.ಎ. ಅಬ್ಬಾಸ್ ಅವರ ಪ್ರಕರಣದ 1970ರ ತೀರ್ಪಿನಲ್ಲಿ. ಸಿನಿಮಾ ಇತರ ಕಲೆಗಳಿಗಿಂತ ಆಳವಾಗಿ ಭಾವನೆಗಳನ್ನು ಕಲಕಬಲ್ಲುದಾದ್ದರಿಂದ ವಯಸ್ಸಿಗನುಗುಣವಾಗಿ ಅದನ್ನು ವರ್ಗೀಕರಿಸುವುದು ಸರಿಯೆಂದ ಸುಪ್ರೀಂ ಕೋರ್ಟ್, ಕಲಾತ್ಮಕ ಅಭಿವ್ಯಕ್ತಿಗೆ ರಕ್ಷಣೆ ಬೇಕೆಂದೂ ಹೇಳಿತು. ಅದೇ ವರ್ಷದ ಕನ್ನಡದ ‘ಸಂಸ್ಕಾರ’ ಚಿತ್ರಕ್ಕೆ ಸಮುದಾಯವೊಂದಕ್ಕೆ ನೋವಾದೀತೆಂದು ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ಅನುಮತಿ ನಿರಾಕರಿಸಿತ್ತು. ಬಿಡುಗಡೆಯಾದ ಮೇಲೆ ಅದು ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಅಂಥ ಆಕ್ಷೇಪಕ್ಕೆ ವಯಸ್ಸಿನ ವಿಂಗಡಣೆಯಲ್ಲಿ ಉತ್ತರವಿಲ್ಲ.

ಆದರೆ ಎಳೆಯರ ಹಿತವೇ ಕಾಳಜಿಯಾಗಿರುವಲ್ಲಿ ದೃಶ್ಯಕ್ಕೆ ಕತ್ತರಿ ಹಾಕುವುದಕ್ಕಿಂತ ಮೇಲಿನ ಶ್ರೇಣಿಯ ಪ್ರಮಾಣಪತ್ರ ನೀಡುವುದೇ ಯೋಗ್ಯ. ‘ಎ’ ಬಂದರೆ ಕುಟುಂಬ ಪ್ರೇಕ್ಷಕರು ಕೈತಪ್ಪುವರೆಂಬ, ಟಿವಿ ಪ್ರಸಾರಕ್ಕೆ ತೊಡಕಾಗುವುದೆಂಬ ಅಂಜಿಕೆಯಿಂದ ನಿರ್ಮಾಪಕರೇ ಎಷ್ಟೋ ಬಾರಿ ಕತ್ತರಿಗೆ ಒಪ್ಪುತ್ತಾರೆ. ಹಾಗಾದಾಗ, ಪೂರ್ತಿ ಚಿತ್ರ ನೋಡುವ ಹಕ್ಕಿರುವ ವಯಸ್ಕರಿಗೂ ಮಕ್ಕಳಿಗಾಗಿ ಕತ್ತರಿಸಿದ ಪ್ರತಿಯೇ ಸಿಗುತ್ತದೆ.